ಹೊಸ ಕಾರಿನ ಗೀರು

ಹೊಳೆಯ ದಂಡೆಯಲ್ಲಿ ಒಂದು ಮಠ. ಸುತ್ತಲಿನವರು ಹೊಸ ಗಾಡಿ ಕೊಂಡರೆ ಮೊದಲು ಅಲ್ಲಿಗೆ ತರುತ್ತಾರೆ. ಪೂಜೆಯಾದ ಮೇಲೆಯೇ ದುಡಿಮೆಗೆ ಹಚ್ಚುತ್ತಾರೆ.

ಮಠದ ಗುರುಗಳನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಗಾಡಿ ಪೂಜೆಯನ್ನು ಅವರು ಶಿಷ್ಯ ಗುರುಪಾದನಿಗೆ ವಹಿಸಿ ಹೆಚ್ಚು ದಿನವಾಗಿರಲಿಲ್ಲ.

ಅಂದು ತಿರಕಪ್ಪ ಬಂದ. ಬಾಡಿಗೆಗೆ ಓಡಿಸಲೆಂದು ಕಾರು ಕೊಂಡಿದ್ದ. ಕಡುನೀಲಿ ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. ಹೆಂಡತಿ ನೀಲವ್ವ ಸೆರಗಿನ ತುದಿಯಿಂದ ಅದರ ಧೂಳು ಒರೆಸುತ್ತಿದ್ದಳು.

ಗುರುಪಾದ ಕುಂಕುಮ ಹಚ್ಚಿದ. ಹಾರ ಹಾಕಿದ. ಹುರುಪಿನಲ್ಲಿ ಕಾರಿಗೆ ತೀರ ಹತ್ತಿರ ನಿಂತು ಕಾಯಿ ಒಡೆದ. ಚಿಪ್ಪಿನ ಚೂರೊಂದು ಸಿಡಿದು ಬಾನೆಟ್ಟನ್ನು ಗೀರಿಕೊಂಡು ಹೋಯಿತು.

ಬೆರಳುದ್ದದ ಗೀರು.

“ಅಪಶಕುನ ಆತು,” ಅಂದಳು ನೀಲವ್ವ. “ಈ ಗಾಡ್ಯಾಗ ನಾ ಕೂಡಂಗಿಲ್ಲ. ನೀವೂ ಕೂಡಬ್ಯಾಡ್ರಿ. ತಿರುಗಿ ಕೊಟ್ಟು ಬರ್ರಿ.”

“ತಿರುಗಿ ಕೊಡಾಕ ಅದೇನು ಸೀರೀನ?” ಅಂದ ತಿರಕಪ್ಪ. ಆದರೆ ಬಾಗಿಲ ಮೇಲಿದ್ದ ಅವನ ಕೈಯೂ ಹಿಂದೆ ಸರಿದಿತ್ತು.

ಒಂದು ಸಂಸಾರದ ದುಡಿಮೆ ಶುರುವಾಗುವ ಮೊದಲೇ ತನ್ನ ಕೈಯಿಂದ ನಿಂತುಹೋಯಿತು ಅನ್ನಿಸಿತು ಗುರುಪಾದನಿಗೆ.

ಅಡುಗೆಮನೆಗೆ ಓಡಿ ಒಲೆಯ ಬೂದಿ ತಂದ. ಮಠದ ದೀಪಗಳನ್ನು ಅವನು ಬೆಳಗುತ್ತಿದ್ದುದು ಅದರಿಂದಲೇ. ತಿಕ್ಕಿದಷ್ಟೂ ಅವು ಹೊಳೆಯುತ್ತಿದ್ದವು. ಇಲ್ಲಿಯೂ ತಿಕ್ಕಿದ. ಗೀರಿನ ಸುತ್ತ ಅಂಗೈಯಗಲ ಮಂಕಾಯಿತು.

ಅಜ್ಜ ಹೊರಗೆ ಬಂದರು. ನೋಡಿದರು.

“ಏನ್ ಹಚ್ಚಿದಿ?”

“ಬೂದಿರೀ ಅಜ್ಜಾರ. ದೀಪಕ್ಕ ಹಚ್ಚತೀನಲ್ರಿ, ಹಂಗ.”

“ದೀಪ ಒಳಗೂ ಹಿತ್ತಾಳಿ. ಇದು ಮ್ಯಾಲಷ್ಟ ಬಣ್ಣ. ನೀರು ತಾ.”

ಬೈಯಲಿಲ್ಲ. ಬೈದಿದ್ದರೆ ಗುರುಪಾದನಿಗೆ ಹಗುರಾಗುತ್ತಿತ್ತು.

ಕಾವಿ ಉಡುವ ಮೊದಲು ಅಜ್ಜ ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಮಠದ ಜೀಪಿನ ಸಲುವಾಗಿ ಆ ಕೆಲಸದ ಸಾಮಾನು ಈಗಲೂ ಇಟ್ಟುಕೊಂಡಿದ್ದರು.

ಕಾರನ್ನು ಬೇವಿನ ಮರದ ನೆರಳಿಗೆ ತಳ್ಳಿಸಿದರು. ಬೂದಿ ತೊಳೆದರು. ಕಣ್ಣು ಮುಚ್ಚಿ, ಗೀರಿಗೆ ಅಡ್ಡಲಾಗಿ ಉಗುರು ಎಳೆದರು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

“ಬಣ್ಣಕ್ಕ ಮುಟ್ಟಿಲ್ಲ,” ಅಂದರು. “ಅದರ ಮ್ಯಾಲಿನ ಹೊಳಪಿನ ಪದರಕ್ಕಷ್ಟ.”

ಮರಳು ಕಾಗದದಂಥ ನಯವಾದ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿದರು. ಗೀರನ್ನು ಬಿಟ್ಟು ಅದರ ಸುತ್ತ ಉಜ್ಜತೊಡಗಿದರು.

“ಗೀರು ನಡುವ ಐತಲ್ರಿ ಅಜ್ಜಾರ,” ಅಂದ ಗುರುಪಾದ.

“ಗೀರು ಅಂದ್ರ ತಗ್ಗು. ತಗ್ಗು ಅಳಸಾಕ ಬರ್ತೈತೇನು? ದಂಡಿ ಇಳೀಬೇಕು.”

ಕೈಗೆ ಭಾರ ಹಾಕಲಿಲ್ಲ. ಕೂಸಿನ ಬೆನ್ನು ತೊಳೆದಂತೆ ಉಜ್ಜಿದರು. ಆಗಾಗ ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದರು. ಮತ್ತೆ ನೀರು. ಮತ್ತೆ ಕೈ. ಆಮೇಲೆ ಮೆತ್ತನೆಯ ಬಟ್ಟೆಗೆ ಪಾಲಿಶ್ ಹಚ್ಚಿ, ಸಣ್ಣ ಸಣ್ಣ ಸುತ್ತು ಹಾಕಿದರು.

ಮಂಕು ಕರಗಿತು. ಬೇವಿನ ಎಲೆಗಳು ಬಾನೆಟ್ಟಿನಲ್ಲಿ ಒಂದೊಂದಾಗಿ ಮೂಡಿದವು. ಗುರುಪಾದ ಅಜ್ಜನ ಕೈಯನ್ನೇ ನೋಡುತ್ತಿದ್ದ. ಪೂಜೆಯಲ್ಲಿಯೂ ಆ ಕೈ ಹೀಗೆಯೇ ಆಡುತ್ತಿತ್ತು. ಅದನ್ನು ಅವನು ಇಷ್ಟು ದಿನ ಗಮನಿಸಿರಲಿಲ್ಲ.

ಅಜ್ಜ ಬಟ್ಟೆ ಕೆಳಗಿಟ್ಟರು.

“ಕೂದಲೆಳಿಯಷ್ಟು ಉಳದೈತ್ರಿ,” ಅಂದ ಗುರುಪಾದ. “ಇನ್ನೊಂದೀಟು ತಿಕ್ಕಲೇನ್ರಿ?”

“ಬಣ್ಣ ಹೋಗ್ತೈತಿ. ಸಾಕು.”

ತಿರಕಪ್ಪ ಬಗ್ಗಿ ನೋಡಿದ. “ಎಲ್ಲಿತ್ತಂತ ಹುಡುಕಬೇಕು,” ಅಂದ.

ನೀಲವ್ವ ದೂರದಲ್ಲೇ ನಿಂತಿದ್ದಳು. “ಗೀರು ಹೋತ್ರಿ ಅಜ್ಜಾರ. ಅಪಶಕುನ? ಅದನ್ನೂ ಪಾಲಿಶ್ ಹಚ್ಚಿ ತಗೀತೀರೇನ್ರಿ?”

ಅಜ್ಜ ಕೈ ತೊಳೆದುಕೊಂಡರು. ಕಾರಿನ ಮುಂದಿನ ಬಾಗಿಲು ತೆರೆದು ಕುಳಿತರು. ಹಿಂದೆ ಹತ್ತು ಎಂದು ಗುರುಪಾದನಿಗೆ ಸನ್ನೆ ಮಾಡಿದರು. ಅವನು ಹತ್ತಿದ.

ತಿರಕಪ್ಪ ಹೆಂಡತಿಯ ಮುಖ ನೋಡಿದ. ಒಳಗೆ ಕುಳಿತ ಅಜ್ಜನನ್ನು ನೋಡಿದ. ತಾನೂ ಹತ್ತಿ ಕೀಲಿ ತಿರುಗಿಸಿದ.

ನೀಲವ್ವ ಗಳಿಗೆ ಹೊತ್ತು ನಿಂತಳು. ಆಮೇಲೆ ಸೆರಗು ಬಿಗಿದುಕೊಂಡು ಬಂದು ಹಿಂದಿನ ಬಾಗಿಲು ಎಳೆದಳು.

“ಆ ಕಡೆ ಸರಿ ತಮ್ಮಾ,” ಅಂದಳು ಗುರುಪಾದನಿಗೆ.

ಕಾರು ಮಠದ ಬಾಗಿಲು ದಾಟಿತು.

“ಎಲ್ಲಿಗ್ರೀ ಅಜ್ಜಾರ?” ಅಂತ ಕೇಳಿದ ತಿರಕಪ್ಪ.

ಅಜ್ಜ ಮುಂದಿನ ರಸ್ತೆ ನೋಡುತ್ತಿದ್ದರು.

“ದುಡಿಯೂ ಕಡೆ. ಗೀರು ಬೀಳೂ ಕಡೆ.”