ಬೆಟ್ಟದ ತುದಿಯ ಸಮೀಕ್ಷೆ

ಗೊರವಂಕ ವರ್ಷಕ್ಕೊಮ್ಮೆ ಬೆಟ್ಟದ ತುದಿಯ ಬಂಡೆಯ ಮೇಲೆ ಕೂತು, ಹತ್ತಿ ಬಂದ ಪ್ರಾಣಿಗಳನ್ನೆಲ್ಲ "ಕಾಲುನೋವು ಉಂಟೇ?" ಎಂದು ಕೇಳುತ್ತಿತ್ತು. ಮೊದಲ ವರ್ಷ ನಲವತ್ತು ಪ್ರಾಣಿಗಳು ಬಂದವು, ಹತ್ತಕ್ಕೆ ನೋವಿತ್ತು. ಮೂರನೆಯ ವರ್ಷ ಬಂದದ್ದು ಒಂಬತ್ತೇ, ಒಂದಕ್ಕೂ ನೋವಿರಲಿಲ್ಲ.

ಗೊರವಂಕಕ್ಕೆ ಹಿಗ್ಗೋ ಹಿಗ್ಗು. "ಕಾಡಿನಿಂದ ಕಾಲುನೋವೇ ತೊಲಗಿತು! ಕರಡಿಯಣ್ಣ ಇನ್ನು ನೋವಿನ ಎಣ್ಣೆ ಕಾಯಿಸುವುದು ಬೇಡ!" ಎಂದು ಸಾರುತ್ತ ಕೆಳಗೆ ಹಾರಿತು.

ಅರ್ಧದಾರಿಯಲ್ಲಿ ಮುದಿ ಚೋರಟೆ ಹುಳುವೊಂದು ತನ್ನ ನೂರಾರು ಕಾಲುಗಳನ್ನು ಎಳೆದುಕೊಂಡು ಹತ್ತುತ್ತಿತ್ತು.

"ಎಲ್ಲಿಗಜ್ಜಿ ಸವಾರಿ?"

"ನಿನ್ನ ಸಮೀಕ್ಷೆಗಪ್ಪಾ."

"ಈ ವರ್ಷದ್ದು ಮುಗಿಯಿತಲ್ಲ!"

"ನಾನು ಹೊರಟದ್ದು ಮೊದಲ ವರ್ಷದ್ದಕ್ಕೆ."

"ಇಷ್ಟು ತಡವೇಕೆ?"

"ಕಾಲುನೋವು ಕಣೋ! ಆ ಎಣ್ಣೆಯೂ ನಿಂತರೆ ನಾನು ಇಲ್ಲೇ ಕಲ್ಲಾಗುತ್ತೇನೆ."

"ಯಾವ ಕಾಲಿಗಜ್ಜಿ ನೋವು?"

"ಕೂತುಕೋ, ಒಂದೊಂದಾಗಿ ಹೇಳುತ್ತೇನೆ. ನನ್ನದು ಮುಗಿದ ಮೇಲೆ ಹಿಂದಿರುವ ಕುಂಟ ಆಮೆಯದು. ಅದರ ಹಿಂದೆ ಮುಳ್ಳುಹಂದಿ ಮುದುಕಪ್ಪ. ಅವನ ಹಿಂದೆ..."

ಗೊರವಂಕ ಕತ್ತು ಚಾಚಿ ನೋಡಿತು. ತೆವಳುತ್ತ, ಕುಂಟುತ್ತ ಬರುವವರ ಸಾಲು ಬೆಟ್ಟದ ಬುಡದವರೆಗೂ ಇತ್ತು.

"ಕರಡಿಯಣ್ಣಾ, ಒಲೆ ಆರಿಸಬೇಡವೋ! ದೊಡ್ಡ ಕೊಪ್ಪರಿಗೆ ಇಡು!" ಎಂದು ಕಿರುಚುತ್ತ ಅದು ರೆಕ್ಕೆ ಬಿಚ್ಚಿತು.