ಇದು ಸೇರಿಂದು, ಇದು ನಿಂದು

ಕಾಲು ಒಳಗೆ ಎಳ್ಕೋ ಮಣೀ, ಕಂಬಳಿ ಸರಿಯಾಗಿ ಹೊದ್ಕೋ. ಇವತ್ತು ಸೊಪ್ಪಿನವಳು ಬಾಗಿಲಿಗೆ ಬಂದಾಗ ನಿಮ್ಮಮ್ಮ ಒಂದು ಕಟ್ಟು ದಂಟಿಗೆ ಎಷ್ಟೊತ್ತು ಕೊಸರಾಡಿದ್ಲು, ನೋಡಿದ್ಯಲ್ಲ? ನಂಗೆ ಒಳಗೊಳಗೇ ನಗು. ಕೊಸರು ಅಂದ್ರೆ ಕಿತ್ಕೊಳ್ಳೋದು ಅಂದ್ಕೊಂಡಿದಾಳೆ ಅವಳು. ಅಲ್ಲ ಕಣೆ, ಅದು ಕೊಡೋದು. ಹೇಳ್ತೀನಿ ಕೇಳು. ಊಂ ಅಂತಿರ್ಬೇಕು, ನೀನು ಊಂ ಅನ್ನೋದು ನಿಂತ್ರೆ ನಾನೂ ನಿಂತೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿ ಕಾಲು ಬಡೀತಿದ್ದ ಕಾಲ ಅಂತಿಟ್ಕೋ, ಒಂದು ದೊಡ್ಡ ಪಟ್ಟಣ ಇತ್ತಂತೆ. ಆ ಪಟ್ಟಣದ ಪೇಟೆಗೆ ಕೆಂಪಾಜಮ್ಮ ಅಂತ ಒಬ್ಬಳು ಹೆಂಗಸು ಬಂದ್ಲಂತೆ. ಗಂಡ ತೀರ್ಕೊಂಡಿದ್ದ, ಕಂಕುಳಲ್ಲೊಂದು ಮಗು, ಕೈಯಲ್ಲೊಂದು ಮಗು. ಅವಳಿಗೆ ಬರ್ತಿದ್ದದ್ದು ಒಂದೇ ಕೆಲಸ, ಮರಳು ಕಾಯಿಸಿ ಪುರಿ ಹುರಿಯೋದು. ಸರಿ, ಒಂದು ಮೂಟೆ ಪುರಿ, ಒಂದು ಕುಕ್ಕೆ ಹುರಿಗಡಲೆ, ಅಳೆಯೋಕೆ ಒಂದು ಹಳೇ ಸೇರು, ಇಷ್ಟು ಇಟ್ಕೊಂಡು ಎರಡು ಬೀದಿ ಕೂಡೋ ಕಡೆ ಒಂದು ಹೊಂಗೆಮರದ ಕೆಳಗೆ ಗೋಣಿತಟ್ಟು ಹಾಸಿ ಕೂತ್ಲಂತೆ.

ಮೊದಲನೇ ದಿನ ಗಂಟಲು ಕಿತ್ತು ಬರೋ ಹಂಗೆ ಕೂಗಿದ್ಲಂತೆ, ಕಡ್ಲೇಪುರೀ ಅಂತ. ಯಾರೂ ಬರ್ಲಿಲ್ಲ. ಎರಡನೇ ದಿನ ಬೆಲೆ ಇಳಿಸಿದ್ಲಂತೆ. ಅಗ್ಗ ಅಂದ್ರೆ ಮುಗ್ಗಲು ಇರ್ಬೇಕು ಅಂದ್ಕೊಂಡು ಜನ ಮೂಗು ಮುರ್ಕೊಂಡು ಹೋದ್ರಂತೆ. ಪಟ್ಟಣದೋರ ಬುದ್ಧಿ ನೋಡು! ಮೂರನೇ ದಿನ ಹೊತ್ತು ಬಾಗೋ ಹೊತ್ತಿಗೆ ನಿನ್ನಷ್ಟುದ್ದದ ಒಂದು ಹುಡುಗಿ ಬಂದು ಒಂದು ಸೇರು ಕೊಡವ್ವ ಅಂದ್ಲಂತೆ. ಅದೇ ಬೋಣಿ. ಕೆಂಪಾಜಮ್ಮ ದುಡ್ಡು ಕಣ್ಣಿಗೊತ್ಕೊಂಡು, ಸೇರು ತುಂಬಾ ಅಳೆದು ಆ ಮಗು ಲಂಗಕ್ಕೆ ಸುರಿದ್ರೆ, ಪುರಿ ಅಲ್ವಾ, ಲಂಗದಲ್ಲಿ ಒಂದು ಮೂಲೆಗೆ ಹೋಗಿ ಕೂತ್ಬಿಡ್ತಂತೆ. ಮಗು ಮುಖ ಇಷ್ಟಾಯ್ತು. ಇವಳಿಗೆ ಕರುಳು ಚುರ್ ಅಂತು. ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೇಲೆ ಸುರಿದು, ಅದು ಸೇರಿಂದು ಕಣವ್ವ, ಇದು ನಿಂದು, ಅಂದ್ಲಂತೆ.

ಆ ಹುಡುಗಿ ಮಾರನೇ ದಿನ ಬೀದಿಗೆ ಬೀದಿಯನ್ನೇ ಕರ್ಕೊಂಡು ಬಂದ್ಲು.

ಆಮೇಲೆ ಅದೇ ರೂಢಿ ಆಯ್ತಂತೆ. ಯಾರೇ ಬರ್ಲಿ, ಅಳೆದು ಸುರಿದು, ಇದು ಸೇರಿಂದು, ಆಮೇಲೆ ಒಂದು ಹಿಡಿ ಹಾಕಿ, ಇದು ನಿಂದು. ಆ ಹಿಡಿನೇ ಕೊಸರು. ಬಂದೋರು ಕೇಳೋಕೆ ಮುಂಚೆನೇ ಅವಳು ಹಾಕ್ತಿದ್ಲು, ಹಂಗಾಗಿ ಅಲ್ಲಿ ಯಾರೂ ಬಾಯಿಬಿಟ್ಟು ಕೊಸರು ಕೇಳ್ತಿರ್ಲಿಲ್ಲ, ಸುಮ್ನೆ ಸೆರಗು ಹಿಡ್ಕೊಂಡು ಒಂದು ಗಳಿಗೆ ನಿಲ್ತಿದ್ರು ಅಷ್ಟೆ. ಮಕ್ಕಳಿಬ್ರು ಆ ಹೊಂಗೆ ನೆರಳಲ್ಲೇ ಬೆಳೆದ್ರು, ಅವಳ ಒಲೆ ದಿನಾ ಉರೀತು.

ಈಗ ಬಂದ ನೋಡು, ಸಾಹುಕಾರ ಚಿಕ್ಕವೀರಯ್ಯ. ಪೇಟೆಯಲ್ಲಿ ಅವನ ಅಂಗಡಿನೇ ದೊಡ್ಡದು. ಅವನ ಹತ್ರ ಒಂದು ಕೋಲಿತ್ತಂತೆ, ಸೇರು ತುಂಬಿದ ಮೇಲೆ ಅದರಿಂದ ತಲೆ ಸವರಿ, ಒಂದು ಕಾಳು ಮೇಲೆ ನಿಲ್ಲದ ಹಂಗೆ ಅಳೆಯೋನು. ಮೋಸಗಾರ ಅಲ್ಲ ಮತ್ತೆ. ಒಂದು ಕಾಳು ಕಮ್ಮಿನೂ ಕೊಡೋನಲ್ಲ, ಒಂದು ಕಾಳು ಜಾಸ್ತಿನೂ ಕೊಡೋನಲ್ಲ. ಅವನಿಗೆ ಹೊಂಗೆಮರದ ಮೂಲೆ ಮೇಲೆ ಕಣ್ಣು ಬಿತ್ತು. ಇಷ್ಟು ಜನ ಬರೋದು ಜಾಗದ ಗುಣ ಅಂದ್ಕೊಂಡು, ಜಾಗ ನಂದು ಅಂತ ದೊರೆ ಹತ್ರ ಹೋದ್ನಂತೆ.

ದೊರೆ ಕೆಂಪಾಜಮ್ಮನನ್ನೂ ಕರೆಸಿದ್ನಂತೆ. ಜಾಗ ಹೋದ್ರೆ ಒಲೆ ಹೋಯ್ತು, ಮಕ್ಕಳ ಬಾಯಿಗೆ ಏನಿಡೋದು? ಅಳ್ತಾ ದೊರೆ ಮುಂದೆ ನಿಂತ್ಲಂತೆ.

ದೊರೆ ಕೇಳಿದ್ನಂತೆ, ಜಾಗ ನಿಮ್ದು ಅನ್ನೋಕೆ ಅಲ್ಲಿ ನಿಮ್ಮ ಗುರುತೇನಿದೆ ಅಂತ. ಸಾಹುಕಾರ ರಾತ್ರೋರಾತ್ರಿ ನೆಡಿಸಿದ ಕಲ್ಲು ತೋರಿಸ್ದ. ಇವಳದ್ದೇನಿದೆ, ಪಾಪ? ಬೆಳಿಗ್ಗೆ ಹಾಸೋ ಗೋಣಿತಟ್ಟು ಸಂಜೆ ಮಡಚ್ಕೊಂಡು ಹೋಗೋದು. ಬೀದಿಯಲ್ಲಿ ಬದುಕೋರದ್ದು ಬೀದಿಯಲ್ಲಿ ಏನೂ ಉಳಿಯಲ್ಲ ಮಗ. ಸೋತ್ಲು.

ಹಂಗಾದ್ರೆ ಸಾಕ್ಷಿ ಕರೆಸಿ ಅಂದ ದೊರೆ. ಪಕ್ಕದಲ್ಲಿ ಕೂರೋ ಹೂವಿನವಳನ್ನೂ ಬಳೆಯವನನ್ನೂ ಕರೆಸಿದ್ರು. ಅವರಿಗೆ ಎಲ್ಲಾ ಗೊತ್ತು. ಆದ್ರೆ ಸಾಹುಕಾರನ್ನ ಎದುರು ಹಾಕ್ಕೊಂಡ್ರೆ ನಾಳೆ ತಮ್ಮ ಜಾಗನೂ ಹೋದೀತು ಅಂತ ಭಯ. ನೆಲ ನೋಡ್ಕೊಂಡು, ನಾವು ಗಮನಿಸಿಲ್ಲ ದೊರೆ, ಅಂದ್ರಂತೆ. ಕೆಂಪಾಜಮ್ಮನಿಗೆ ಕೋಪ ಬರ್ಲಿಲ್ಲ, ಅವರ ಮನೇಲೂ ಒಲೆ ಇದೆಯಲ್ಲ ಅನ್ನಿಸ್ತಂತೆ. ನಂಗಾಗಿದ್ರೆ ಬರ್ತಿತ್ತು. ಅಂತೂ ಅಲ್ಲೂ ಸೋತ್ಲು.

ದೊರೆ ಒಳ್ಳೆಯವನು, ಅವಳ ಕಣ್ಣು ನೋಡಿ ಯೋಚನೆ ಮಾಡ್ದ. ಇನ್ನೊಂದೇ ಪರೀಕ್ಷೆ. ನಾಳೆ ಸಾಹುಕಾರ ಅಲ್ಲಿ ಕೂತು ಮಾರ್ಲಿ, ನಾಳಿದ್ದು ನೀನು ಕೂರು, ಆಮೇಲೆ ಹೇಳ್ತೀನಿ, ಅಂದ್ನಂತೆ. ತಾನು ಹಳೇ ಪಂಚೆ ಉಟ್ಟು, ತಲೆಗೆ ಟವಲ್ಲು ಸುತ್ಕೊಂಡು, ಮರದ ಹಿಂದೆ ಹೋಗಿ ಕೂತ.

ಸಾಹುಕಾರ ಜಮಖಾನ ಹಾಸಿ ಕೂತ. ಒಳ್ಳೇ ಪುರಿ, ಅದೇ ಬೆಲೆ, ಜನ ಬಂದ್ರು. ಒಬ್ಬಳು ಹೆಂಗಸಿಗೆ ಸೇರು ಅಳೆದು, ಕೋಲಲ್ಲಿ ತಲೆ ಸವರಿ, ಸೆರಗಿಗೆ ಸುರಿದ. ಅವಳು ಹೋಗ್ಲಿಲ್ಲ. ಸೆರಗು ಹಿಡ್ಕೊಂಡು ನಿಂತಿದ್ಲು. ಆಯ್ತಲ್ಲಮ್ಮ ಅಂದ. ಊಂಹೂಂ, ನಿಂತೇ ಇದ್ಲು. ಹಿಂದೆ ಬಂದೋರೂ ಅಷ್ಟೆ, ತಗೊಂಡೋರೆಲ್ಲ ಕೈ ಒಡ್ಡಿ ನಿಂತ್ರು. ಸಾಹುಕಾರನಿಗೆ ತಲೆಬುಡ ಗೊತ್ತಾಗ್ಲಿಲ್ಲ. ಓಹೋ, ಬೇಡ್ತಿದಾರೆ ಅಂದ್ಕೊಂಡು ಆ ಹೆಂಗಸಿನ ಕೈಗೆ ಒಂದು ತಾಮ್ರದ ಕಾಸು ಹಾಕ್ಬಿಟ್ಟ! ಅವಳು ಕೆಂಡಾಮಂಡಲ. ನಾನೇನು ಭಿಕ್ಷೆಗೆ ಬಂದಿದೀನಾ ಅಂತ ಕಾಸು ಬಿಸಾಕಿದ್ಲಂತೆ. ಮತ್ತೇನಮ್ಮ ಬೇಕು ನಿಂಗೆ ಅಂದ್ರೆ, ಅವಳಿಗೂ ಹೇಳೋಕೆ ಬರ್ಲಿಲ್ಲ. ಯಾವತ್ತೂ ಕೇಳಿ ಇಸ್ಕೊಂಡಿದ್ರೆ ತಾನೆ? ನಗ್ಬೇಡ ಮಣೀ, ನಿದ್ದೆ ಓಡೋಗುತ್ತೆ.

ಅಷ್ಟೊತ್ತಿಗೆ ಕೋಲು ಕುಟ್ಟಿಕೊಂಡು ಕಣ್ಣು ಕಾಣದ ಒಬ್ಬ ಮುದುಕ ಬಂದ. ದಿನಾ ಬರೋನು. ಬಂದು ಒಂದು ಪಾವು ತಗೊಂಡು ಕೈ ಚಾಚಿ ನಿಂತ. ಕಾದ. ಕೈಗೆ ಏನೂ ಬೀಳ್ಲಿಲ್ಲ. ಕೋಲಿಂದ ಸುತ್ತ ತಡವಿ, ಅಯ್ಯೋ, ದಾರಿ ತಪ್ಪಿದೆ ಅಂತ ಕಾಣುತ್ತೆ, ಇದು ಯಾವ ಬೀದಿಯಪ್ಪಾ, ನನ್ನ ಹೊಂಗೆಮರದ ಹತ್ರ ಬಿಡಿ, ಅಂದ್ನಂತೆ. ಸಾಹುಕಾರ, ಹೊಂಗೆಮರದ ಕೆಳಗೇ ನಿಂತಿದೀಯ ತಾತ, ಇದೇ ಜಾಗ, ಅಂದ. ಮುದುಕ ತಲೆ ಅಲ್ಲಾಡಿಸಿ, ಇಲ್ಲಪ್ಪ, ಈ ಜಾಗ ಅಲ್ಲ ಅದು, ಅಂತ ಮುಂದಕ್ಕೆ ಹೊರಟೇಹೋದ.

ಮರದ ಹಿಂದೆ ಕೂತ ದೊರೆ ಅದನ್ನ ಕೇಳಿಸ್ಕೊಂಡ.

ಮಾರನೇ ದಿನ ಕೆಂಪಾಜಮ್ಮ ಕೂತ್ಲು. ದೊರೆನೂ ಎಲ್ಲರ ಜೊತೆ ನಿಂತು ಟವಲ್ಲು ಒಡ್ಡಿದ. ಅವಳು ಗುರುತು ಹಿಡೀಲಿಲ್ಲ, ಅಳೆದು ಸುರಿದ್ಲು, ಒಂದು ಹಿಡಿ ಹಾಕಿದ್ಲು, ಇದು ಸೇರಿಂದು ಕಣಪ್ಪ, ಇದು ನಿಂದು. ದೊರೆಗೆ ಎಲ್ಲರೂ ಕಾಣಿಕೆ ಕೊಟ್ಟಿದ್ರು, ಕಪ್ಪ ಕೊಟ್ಟಿದ್ರು, ಹಿಂಗೆ ಸುಮ್ಸುಮ್ನೆ, ಯಾರು ಅಂತ ನೋಡ್ದೆ, ಒಂದು ಹಿಡಿ ಯಾರೂ ಕೊಟ್ಟಿರ್ಲಿಲ್ಲ. ಕಣ್ಣು ತುಂಬ್ತಂತೆ. ಆಗ ಟವಲ್ಲು ಬಿಚ್ಚಿ, ನೆಲ ಊರಿಂದು, ನೆರಳು ಮರದ್ದು, ಆದ್ರೆ ಕಣ್ಣು ಕಾಣದೋನೂ ಈ ಜಾಗನ ಗುರುತು ಹಿಡಿಯೋದು ಇವಳ ಹಿಡಿಯಿಂದ, ಇವಳು ಕೂತಷ್ಟು ದಿನ ಇದು ಇವಳದ್ದೇ, ಕಲ್ಲು ಕೀಳಿ, ಅಂದ್ನಂತೆ.

ಸಾಹುಕಾರ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕೆಂಪಾಜಮ್ಮ ಅವನನ್ನೂ ಕರೆದು, ಬಾರಪ್ಪ, ಬಿಸಿಲಲ್ಲಿ ಯಾಕೆ ನಿಂತಿದೀಯ ಅಂತ ಒಂದು ಹಿಡಿ ಪುರಿ ಕೈಗೆ ಹಾಕಿದ್ಲಂತೆ. ನಾನೇನೂ ಕೊಂಡಿಲ್ಲವಲ್ಲ ತಾಯಿ ಅಂದ. ಇದು ಸೇರಿಂದಲ್ಲ, ನಿಂದು, ತಿನ್ನು, ಅಂದ್ಲು. ಅವನು ಅಲ್ಲೇ ತಿಂದ. ಮನೆಗೆ ಹೋಗಿ ಆ ಸವರೋ ಕೋಲನ್ನ ಒಲೆಗೆ ಹಾಕ್ಬಿಟ್ಟ. ಹೂವಿನವಳೂ ಬಳೆಯವನೂ ಸಂಜೆ ಮುಖ ಸಣ್ಣ ಮಾಡ್ಕೊಂಡು ಬಂದ್ರು, ಅವರಿಗೂ ಒಂದೊಂದು ಹಿಡಿ. ಆಮೇಲೆ ಆ ಪೇಟೆಯಲ್ಲಿ ಹೂವಿನ ಮೊಳಕ್ಕೂ ಸೊಪ್ಪಿನ ಕಟ್ಟಿಗೂ ಎಲ್ಲದಕ್ಕೂ ಕೊಸರು ಬಂತಂತೆ, ಎಲ್ಲರೂ ಉಂಡುಟ್ಟು ಚೆನ್ನಾಗಿದ್ರಂತೆ.

ಮುಗೀತು ಕಣೆ ಕತೆ, ಸೇರು ಖಾಲಿ. ಏನದು, ಕಣ್ಣು ಮುಚ್ಕೊಂಡೇ ಕಂಬಳಿಯಿಂದ ಕೈ ಆಚೆ ಚಾಚಿದೀಯ? ಕಳ್ಳಿ! ಬಾ ಇಲ್ಲಿ, ಕೆನ್ನೆ ಕೊಡು. ಕತೆ ಸೇರಿಂದು. ಈ ಮುತ್ತು ನಿಂದು.