ನೆತ್ತಿಯಲ್ಲಿ ಬಿಡುವ ಹೂ

"ಗುರುಗಳೇ, ಒಬ್ಬ ಮನುಷ್ಯನಲ್ಲಿ ಏನೂ ಇಲ್ಲ ಎಂದು ಎಷ್ಟು ವರ್ಷಕ್ಕೆ ತೀರ್ಮಾನಿಸಬಹುದು?"

ಕೇಳಿದವನು ಮಂಜಯ್ಯ. ಹೊಳೆದಂಡೆಯ ಆ ಆಶ್ರಮದಲ್ಲಿ ಕಿರಿಯ ಶಿಷ್ಯರಿಗೆ ಪಾಠ ಹೇಳುವ ಹೊಣೆ ಅವನದು. ಹೋದ ವಾರ ಅವನು ದೂಮಣ್ಣನೆಂಬ ಶಿಷ್ಯನನ್ನು ಕರೆದು, ಗಂಟು ಕಟ್ಟಿಕೊಂಡು ಹೊರಡು ಎಂದಿದ್ದ. ದೂಮಣ್ಣ ಬಂದು ಎಷ್ಟೋ ವರ್ಷಗಳಾಗಿದ್ದವು. ಒಂದು ಪದ್ಯವನ್ನು ತಡವರಿಸದೆ ಹೇಳಿದವನಲ್ಲ, ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಿದವನಲ್ಲ. ಹೊರಡು ಎಂದಾಗಲೂ ಏಕೆ ಎಂದು ಕೇಳಲಿಲ್ಲ. ಕಾಲಿಗೆರಗಿ, ದೋಣಿ ಹತ್ತಿ ಹೋದ. ಹಾಗೆ ಏನೂ ಕೇಳದೆ ಹೋದದ್ದೇ ಮಂಜಯ್ಯನ ಎದೆಯಲ್ಲಿ ಚುಚ್ಚುತ್ತಿತ್ತು. ಗುರುಗಳು ಆಗ ಊರಿನಲ್ಲಿರಲಿಲ್ಲ, ನಿನ್ನೆಯಷ್ಟೇ ಮರಳಿದ್ದರು. ನೀನು ಮಾಡಿದ್ದು ಸರಿ ಎಂಬ ಒಂದು ಮಾತು ಅವರ ಬಾಯಿಂದ ಬಂದರೆ ಸಾಕು, ಕಣ್ಣಿಗೆ ನಿದ್ದೆ ಹತ್ತೀತು ಎಂದುಕೊಂಡು ಅವನು ಯಾರ ಹೆಸರನ್ನೂ ಎತ್ತದೆ ಕೇಳಿದ್ದ.

ಗುರುಗಳು ಅವನ ಮುಖ ನೋಡಿದರು.

"ವರ್ಷದ ಲೆಕ್ಕ ಹೇಳುವುದಕ್ಕೆ ನಾನೇನು ಜೋಯಿಸನೇ? ಕೂತುಕೋ. ಒಂದು ಮರದ ಕತೆಯಿದೆ. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಕಡಲ ಕಡೆಯ ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಸರಕು ಗುರುತಿಸುವುದರಲ್ಲಿ ಅವನದು ಎತ್ತಿದ ಕೈ. ಒಂದು ಚೂರು ನಾಲಿಗೆಯ ಮೇಲಿಟ್ಟರೆ ಯಾವ ಊರಿನ ಕಬ್ಬು, ಯಾರ ಆಲೆಮನೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಲೂ ಇರಲಿಲ್ಲ. ಆದರೆ ಆ ನಾಲಿಗೆಗೆ ಗೊತ್ತಿದ್ದದ್ದು ಬೆಲ್ಲ. ಇವನೋ, ಜಗತ್ತೇ ತನ್ನ ನಾಲಿಗೆಯ ಮೇಲಿದೆ ಎಂದುಕೊಂಡಿದ್ದ. ಇಂಥವರು ಪೇಟೆಯಲ್ಲೇ ಇರಬೇಕೆಂದಿಲ್ಲ, ಆಶ್ರಮದಲ್ಲೂ ಇರುತ್ತಾರೆ, ಬಿಡು.

ಮದುವೆಯಾಗಿ ಬಂದ ಹೆಂಡತಿ ತವರಿನಿಂದ ಸೆರಗಿನ ತುದಿಯಲ್ಲಿ ಒಂದು ಬೀಜ ಕಟ್ಟಿಕೊಂಡು ಬಂದಳು. ಗೋಲಿಯಂಥ ಗಟ್ಟಿ ಬೀಜ. ಇದು ಶ್ರೀತಾಳೆ ಎಂದಳು. ಶ್ರೀತಾಳೆಗೂ ನಮ್ಮ ತಾಳೆಯಂತೆಯೇ ಬೀಸಣಿಗೆ ಎಲೆ. ಆದರೆ ಅದು ಬಾಳಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಒಂದೇ ಸಲ ಕಾಯಿ. ಕಾಯಿ ಉದುರಿದ ಮೇಲೆ ಮರ ಒಣಗಿಹೋಗುತ್ತದೆ. ಅವಳ ಊರಿನವರಿಗೆ ಆ ಹೂ ಕಂಡರೆ ಭಯ. ಊರಿಗೆ ಕೇಡು ಎಂದು, ಹೂ ಮೂಡಿದ ಕೂಡಲೇ ಮರಕ್ಕೆ ಕೊಡಲಿ ಹಾಕುತ್ತಿದ್ದರು. ಹೀಗೆ ಕಡಿದು ಕಡಿದು ಆ ಸೀಮೆಯಲ್ಲಿ ಕೊನೆಗೆ ಒಂದೇ ಮರ ಉಳಿಯಿತು. ಅದು ಹೂ ಬಿಟ್ಟಾಗ ಅವಳ ಅಪ್ಪ ಬುಡದಲ್ಲಿ ಚಾಪೆ ಹಾಸಿ ಕೂತ. ಮೊದಲು ನನ್ನನ್ನು ಕಡಿಯಿರಿ, ಆಮೇಲೆ ಮರ, ಎಂದ. ಕಾಯಿ ಬಲಿತು ಉದುರುವವರೆಗೂ ಅಲ್ಲಿಂದ ಏಳಲಿಲ್ಲ. ಆಮೇಲೆ ಮರ ಒಣಗಿತು, ಅದರ ಹಿಂದೆಯೇ ಅಪ್ಪನೂ ತೀರಿಕೊಂಡ. ನೋಡಿದಿರಾ ಕೇಡು ಎಂದು ಜನ ಬೀಜಗಳನ್ನೆಲ್ಲ ಗುಡಿಸಿ ಬೆಂಕಿಗೆ ಹಾಕಿದರು. ಮಗಳ ಸೆರಗಿನಲ್ಲಿದ್ದ ಒಂದು ಉಳಿಯಿತು.

ವರ್ತಕ ಇದನ್ನೆಲ್ಲ ಹೂಂಗುಟ್ಟುತ್ತ ಕೇಳಿದ. ಹೊಸ ಹೆಂಡತಿಯ ಮಾತಿಗೆ ಯಾರು ತಾನೇ ಹೂಂಗುಟ್ಟುವುದಿಲ್ಲ? ಅವಳು ಹಿತ್ತಿಲಲ್ಲಿ ಬಿಸಿಲು ಬೀಳುವ ಜಾಗ ನೋಡಿ ಬೀಜ ಹೂತಳು. ದಿನವೂ ಅಕ್ಕಿ ತೊಳೆದ ನೀರು ಹಾಕಿದಳು.

ಗಿಡ ಬಂತು. ಬಂದದ್ದೇ ಬಂತು, ಮೇಲಕ್ಕೇಳುವ ಯೋಚನೆಯೇ ಅದಕ್ಕಿರಲಿಲ್ಲ. ವರ್ಷಕ್ಕೊಂದೆರಡು ಎಲೆ ಬಿಚ್ಚಿಕೊಂಡು ನೆಲದಲ್ಲೇ ಕೂತಿತು. ಅದರ ಜೊತೆಗೆ ನೆಟ್ಟ ತೆಂಗು ಫಲ ಕೊಟ್ಟಿತು. ಪಕ್ಕದ ಮನೆಯ ತಾಳೆ ಬೆಳೆದು ನಿಂತು ಗೊನೆಗಟ್ಟಲೆ ತಾಟಿನಿಂಗು ಕೊಟ್ಟಿತು. ಇದಕ್ಕೆ ಕಾಂಡವೆಂಬುದು ಮೂಡುವ ಹೊತ್ತಿಗೆ ವರ್ತಕನ ತಲೆಯಲ್ಲಿ ಬಿಳಿಕೂದಲು ಮೂಡಿತ್ತು. ಎಲೆ ಮಾತ್ರ ಒಂದೊಂದೂ ಮನೆಯಂಗಳಕ್ಕೆ ಚಪ್ಪರವಾಗುವಷ್ಟು ಅಗಲ. ತಾಳೆಗೆ ಇಷ್ಟು ದೊಡ್ಡ ಎಲೆಯಿದೆಯೇ ಎಂದು ಬಂದವರು ಕೇಳಿದರೆ, ನಮ್ಮ ಹಿತ್ತಿಲಿನ ಮಣ್ಣು ಅಂಥದ್ದು ಎನ್ನುತ್ತಿದ್ದ. ಕಣ್ಣೆದುರು ಬಂದ ಗುರುತಿಗೆಲ್ಲ ಅವನ ಹತ್ತಿರ ಒಂದು ಉತ್ತರವಿತ್ತು. ಹೆಂಡತಿಯನ್ನು ಒಮ್ಮೆ ಕೇಳೋಣವೆಂದು ಅವನಿಗೆ ಅನ್ನಿಸಲೇ ಇಲ್ಲ.

ಒಂದು ದಿನ ತಾಟಿನಿಂಗು ಸುಲಿಯುತ್ತ ವರ್ತಕ ಹೇಳಿದ, "ಇದು ಗಂಡು ತಾಳೆಯೇ ಸೈ, ಮಾರಾಯ್ತಿ. ಕಾಯಿ ಬಿಡುವ ಜಾತಿಯಲ್ಲ. ಕಡಿಸಿಬಿಡೋಣ."

"ಗಂಡಾದರೆ ನಿಮ್ಮ ಪೈಕಿಯೇ ಆಯಿತಲ್ಲ, ಇದ್ದುಕೊಳ್ಳಲಿ" ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, "ತಾಳೆ ಹೂ ಬಿಡುವುದು ಎಲೆಯ ಕಂಕುಳಲ್ಲಿ. ಇದು ಬಿಡುವುದು ನೆತ್ತಿಯಲ್ಲಿ. ಅಪ್ಪ ತೋರಿಸಿದ್ದರು. ನಾನಿರುವವರೆಗೆ ಇದನ್ನು ಮುಟ್ಟಬೇಡಿ."

ಅವನು ಮುಟ್ಟಲಿಲ್ಲ. ಕೊಟ್ಟ ಮಾತಿಗೆ ತಪ್ಪುವವನಲ್ಲ ಅವನು. ಕೆಟ್ಟವನೆಂದು ತಿಳಿಯಬೇಡ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ವಯಸ್ಸಾಯಿತು. ಹೆಂಡತಿ ಹಾಸಿಗೆ ಹಿಡಿದಳು. ಹಿತ್ತಿಲು ಕಾಣುವ ಕಿಟಕಿಯ ಬಳಿ ಅವಳನ್ನು ಮಲಗಿಸಿ, ವರ್ತಕ ಅಂಗಡಿಗೆ ಬೀಗ ಹಾಕಿ ಅವಳ ಪಕ್ಕದಲ್ಲೇ ಕೂತ. ಗಂಜಿ ಕುಡಿಸಿದ, ಕಾಲು ಒತ್ತಿದ. ಒಂದು ಬೆಳಿಗ್ಗೆ ಅವಳು ಕಿಟಕಿಯಾಚೆ ಕೈ ತೋರಿಸಿ, "ಹೊಸ ಎಲೆಗಳು ಸಣ್ಣವಾಗುತ್ತಿವೆ, ನೋಡಿದಿರಾ?" ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ಅವನಿಗೆ ಅದು ಕಣ್ಣೀರಾಗಿ ಕಂಡಿತು. ಮರ ಸೊರಗುತ್ತಿದೆ ಎಂದು ಅಳುತ್ತಿದ್ದಾಳೆ ಪಾಪ ಎಂದುಕೊಂಡ. "ಗೊಬ್ಬರ ಹಾಕಿಸುತ್ತೇನೆ, ಚಿಂತೆ ಮಾಡಬೇಡ" ಎಂದ. ಅವಳು ಅಲ್ಲವೆಂದು ತಲೆಯಾಡಿಸಿ ಏನೋ ಹೇಳಹೊರಟಳು. ಕೆಮ್ಮು ಬಂತು. "ಆಯಾಸ ಮಾಡಿಕೊಳ್ಳಬೇಡ, ಮಲಗು" ಎಂದು ಹೊದಿಕೆ ಎಳೆದ. ಅಕ್ಕರೆಯಿಂದಲೇ ಹೇಳಿದ. ಅವಳು ಮಲಗಿದಳು. ಹೇಳಬೇಕೆಂದಿದ್ದ ಮಾತು ಅವಳೊಂದಿಗೇ ಹೋಯಿತು.

ಅವಳಿಲ್ಲದ ಮನೆಯಲ್ಲಿ ಅವನಿಗೆ ಅನ್ನ ಸೇರಲಿಲ್ಲ. ಅವಳ ನೆನಪಿಗೆ ಏನಾದರೂ ಮಾಡಬೇಕು ಎನಿಸಿತು. ಹಿತ್ತಿಲಲ್ಲಿ ಒಂದು ತುಳಸಿಕಟ್ಟೆ, ಕೆತ್ತನೆಯ ಕಲ್ಲಿನದು, ಪೇಟೆಯವರು ನೋಡಿ ಬೆರಗಾಗುವಂಥದ್ದು. ಅವಳು ಸಂಜೆ ಕೂರುತ್ತಿದ್ದ ಜಾಗದಲ್ಲೇ ಆಗಬೇಕು. ಅವಳು ಕೂರುತ್ತಿದ್ದದ್ದು ಆ ಮರದ ಬುಡದಲ್ಲಿ. ಅಲ್ಲಿ ಬಿಸಿಲಿಲ್ಲ, ತುಳಸಿ ಬದುಕುವುದಿಲ್ಲ. ಮರವೂ ಸೊರಗುತ್ತಿದೆ, ಎಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ನಾನಿರುವವರೆಗೆ ಎಂದಿದ್ದಳು, ಈಗ ಅವಳಿಲ್ಲ. ಮಾತು ಮುರಿದಂತೆಯೂ ಆಗಲಿಲ್ಲ. ಹೀಗೆ ಎಲ್ಲ ಲೆಕ್ಕ ಸರಿಹೋಯಿತು. ಕೊಡಲಿಯವರನ್ನು ಕರೆಸಿದ.

ಮರ ಬಿದ್ದಾಗ ಇಡೀ ಬೀದಿಗೇ ಕೇಳಿಸಿತು. ವರ್ತಕ ಕಟ್ಟೆಗೆ ಜಾಗ ಅಳೆಯಲು ಹಗ್ಗ ಹಿಡಿದು ಬಂದ. ಬಿದ್ದ ಮರದ ತಲೆಯನ್ನು ಅವನು ಆಗಲೇ ಮೊದಲ ಸಲ ಹತ್ತಿರದಿಂದ ನೋಡಿದ್ದು. ದೊಡ್ಡ ಎಲೆಗಳ ಮೇಲೆ ಸಣ್ಣ ಎಲೆ, ಅದರ ಮೇಲೆ ಇನ್ನೂ ಸಣ್ಣದು. ಎಲೆಗಳ ಕಂಕುಳಲ್ಲಿ ಏನೂ ಇರಲಿಲ್ಲ. ತೀರ ತುದಿಯಲ್ಲಿ, ನೆತ್ತಿಯಲ್ಲಿ, ತೋಳಿನಷ್ಟು ದಪ್ಪದ ಒಂದು ಮೊಗ್ಗು ಪದರ ಬಿರಿದು ನಿಂತಿತ್ತು. ಒಳಗೆ ಹಾಲುಬಣ್ಣದ ಸಣ್ಣ ಸಣ್ಣ ಹೂಗಳು ಒತ್ತೊತ್ತಾಗಿ ತುಂಬಿದ್ದವು.

ಯಾರೂ ಅವನಿಗೆ ಏನೂ ಹೇಳಬೇಕಾಗಲಿಲ್ಲ. ಅವಳು ಹೇಳಿಯಾಗಿತ್ತು. ಎಲೆ ಸಣ್ಣದಾಗುವುದು ಮರ ಹೂವಿಗೆಂದು ಸತ್ವ ಕೂಡಿಡುವ ಗುರುತೆಂದು ಈಗ ಅರ್ಥವಾಯಿತು. ಆ ಬೆಳಿಗ್ಗೆ ಅವಳು ಅಳುತ್ತಿರಲಿಲ್ಲ ಎಂಬುದೂ ಅರ್ಥವಾಯಿತು. ಅವನು ಹಗ್ಗ ಕೆಳಗಿಟ್ಟು ಕೊಡಲಿಯವನ ಕೈ ಹಿಡಿದುಕೊಂಡ.

"ಇದನ್ನು ಮತ್ತೆ ನಿಲ್ಲಿಸಯ್ಯಾ" ಎಂದ.

ಕೊಡಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕ ಅಲ್ಲೇ ಎಲೆಗಳ ಮೇಲೆ ಕುಸಿದು, ಬಾಯಿಬಿಟ್ಟು ಅತ್ತ.

ಆಮೇಲೆ ಅವನು ಅವಳ ತವರಿಗೆ ಹೋದ. ಬೀಜ ಎಲ್ಲಾದರೂ ಉಳಿದಿದೆಯೇ ಎಂದು ಮನೆಮನೆಯಲ್ಲಿ ಕೇಳಿದ. ಅದನ್ನೆಲ್ಲ ಅಂದೇ ಸುಟ್ಟೆವಲ್ಲ, ಒಂದನ್ನು ನಿಮ್ಮ ಮನೆಯಾಕೆ ಒಯ್ದಿದ್ದರಂತೆ, ಅದು ಏನಾಯಿತು, ಎಂದು ಅವರೇ ಅವನನ್ನು ಕೇಳಿದರು. ಅವನು ಮರಳಿ ಬಂದ. ಕಟ್ಟೆ ಕಟ್ಟಿದ. ತುಳಸಿ ಚೆನ್ನಾಗಿಯೇ ಬಂತು, ಬಿಸಿಲಿಗೇನೂ ಕೊರತೆಯಿರಲಿಲ್ಲವಲ್ಲ. ಅಂಗಡಿಯವರು ಬೆಲ್ಲದ ಚೂರು ತಂದು, ಇದು ಎಲ್ಲಿಯದು ಹೇಳಿ ಯಜಮಾನರೇ ಎಂದರೆ, ನನಗೆ ಗೊತ್ತಾಗುವುದಿಲ್ಲ ಎಂದು ಹಿಂದಕ್ಕೆ ಕೊಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮಂಜಯ್ಯ ತಲೆ ತಗ್ಗಿಸಿ ಕೂತಿದ್ದ. ದೂಮಣ್ಣ ಕಾಲಿಗೆರಗಿದಾಗ ಅವನ ಬೆನ್ನು ನಡುಗುತ್ತಿದ್ದದ್ದು ಈಗ ನೆನಪಾಯಿತು. ಅಂದು ಅದು ಚಳಿಯೆಂದು ತೋರಿತ್ತು. ಅವನು ಎದ್ದು ನಿಂತ.

"ತಪ್ಪಾಯಿತು ಗುರುಗಳೇ. ದೂಮಣ್ಣನನ್ನು ನಾನೇ ಕಳಿಸಿಬಿಟ್ಟೆ. ಈಗಲೇ ದೋಣಿ ಹತ್ತುತ್ತೇನೆ. ಅವನ ಮನೆಗೇ ಹೋಗಿ, ಕೈಮುಗಿದು ಕರೆದುಕೊಂಡು ಬರುತ್ತೇನೆ" ಎಂದ. ಹೆಗಲಿಗೆ ಚೀಲವನ್ನೂ ಏರಿಸಿಕೊಂಡ.

ಗುರುಗಳು ಕೇಳಿದರು:

"ಹೋಗಿ ಬಾ. ದೂಮಣ್ಣನ ಊರು ಯಾವುದು, ಮಂಜಯ್ಯ?"

ಮಂಜಯ್ಯ ಹೆಗಲಿನ ಚೀಲವನ್ನು ಕೆಳಗಿಳಿಸಿದ. ಇಷ್ಟು ವರ್ಷಗಳಲ್ಲಿ ಅದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.